ವೈದ್ಯರ ಸೂಚನೆಯನ್ನು ನರ್ಸ್ ಪ್ರಶ್ನಿಸಬಹುದೇ?

ಪ್ರಶ್ನೆ: ನಾನು ಆಸ್ಪತ್ರೆಯೊಂದರ ತುರ್ತು ಚಿಕಿತ್ಸಾ ವಿಭಾಗದಲ್ಲಿ ನರ್ಸ್ ಆಗಿದ್ದೇನೆ. ತೀವ್ರ ಅಲರ್ಜಿಯಿಂದ ಉಸಿರಾಡಲು ಕಷ್ಟಪಡುತ್ತಿದ್ದ ವಯಸ್ಕ ರೋಗಿಗೆ 1 ಮಿಲಿಗ್ರಾಂ ಅಡ್ರಿನಲಿನ್ ಅನ್ನು ನೇರವಾಗಿ ರಕ್ತನಾಳಕ್ಕೆ ಕೊಡುವಂತೆ ಡ್ಯೂಟಿ ಡಾಕ್ಟರು ಹೇಳಿದರು. ಸಂದೇಹ ಬಂದು ಕೇಳಿದ್ದಕ್ಕೆ ರೋಗಿಯ ಮನೆಯವರ ಎದುರಿನಲ್ಲೇ ನನ್ನನ್ನು ಗದರಿದರು. ಆಮೇಲೆ ಸೂಚನೆಯನ್ನೂ ಬದಲಿಸಿದರು. ನಾನು ನನ್ನ ಮಿತಿಯನ್ನು ಮೀರಿದೆನೇ?

ಉತ್ತರ: ಖಂಡಿತ ಇಲ್ಲ. ವಯಸ್ಕರ ಹೃದಯ ಸ್ತಂಭಿಸಿದಾಗ 3ರಿಂದ 5 ನಿಮಿಷಗಳಿಗೊಮ್ಮೆ 1 ಮಿಲಿಗ್ರಾಂ ಅಡ್ರಿನಲಿನ್ ಅನ್ನು ರಕ್ತನಾಳಕ್ಕೆ ಕೊಡುತ್ತಾರೆ. ತೀವ್ರ ಅಲರ್ಜಿಯಲ್ಲಾದರೆ ಸಾಮಾನ್ಯವಾಗಿ 0.5 ಮಿಲಿಗ್ರಾಂ ಅನ್ನು ತೊಡೆಯ ಸ್ನಾಯುವಿಗೆ ಕೊಡುತ್ತಾರೆ. ಗಡಿಬಿಡಿಯಲ್ಲಿ ಇವೆರಡೂ ಅದಲುಬದಲಾಗುವುದುಂಟು. ಮಿಡಿಯುತ್ತಿರುವ ಹೃದಯಕ್ಕೆ ಅಷ್ಟು ಔಷಧ ಒಮ್ಮೆಲೇ ಹೋದರೆ ರಕ್ತದೊತ್ತಡ ವಿಪರೀತ ಏರಿ, ಹೃದಯದ ಲಯ ತಪ್ಪಿ, ಪ್ರಾಣಕ್ಕೇ ಅಪಾಯವಾಗಬಹುದು. ನೀವು ಕೇಳಿದ್ದು ರೋಗಿಯನ್ನು ಕಾಪಾಡಿದೆ ಎಂದೇ ನನ್ನ ಅಭಿಪ್ರಾಯ.

ಔಷಧವನ್ನು ನಿರ್ಧರಿಸುವ ಹೊಣೆ ವೈದ್ಯರದು, ನಿಜ. ಆದರೆ ಸಿರಿಂಜ್ ಹಿಡಿದವರಿಗೂ ಅವರದೇ ಆದ ಹೊಣೆಯಿದೆ. ನರ್ಸ್ ತನ್ನ ಸಲಹೆಯನ್ನು ವೈದ್ಯರಿಗೇ ಹೊಳೆದಂತೆ ಕಾಣಿಸುವ ಹಾಗೆ ಸುತ್ತಿಬಳಸಿ ಹೇಳಬೇಕಾದ ಪರಿಸ್ಥಿತಿಯನ್ನು ಅಮೆರಿಕದ ಮನೋವೈದ್ಯ ಲಿಯೊನಾರ್ಡ್ ಸ್ಟೈನ್ 1967ರಲ್ಲೇ ವಿವರಿಸಿದ್ದರು. ಕ್ಷಣಕ್ಷಣವೂ ಮುಖ್ಯವಾದ ತುರ್ತು ವಿಭಾಗದಲ್ಲಿ ಅಂತಹ ಸುತ್ತುಬಳಸಿಗೆ ಎಡೆಯಿರಬಾರದು.

ಬಾಯಿಮಾತಿನ ಸೂಚನೆ ಬಂದಾಗಲೆಲ್ಲ ಔಷಧದ ಹೆಸರು, ಪ್ರಮಾಣ, ಕೊಡುವ ಮಾರ್ಗ ಮೂರನ್ನೂ ಗಟ್ಟಿಯಾಗಿ ತಿರುಗಿ ಹೇಳಿ, ವೈದ್ಯರು ‘ಹೌದು’ ಎಂದ ಮೇಲೆಯೇ ಕೊಡುವುದನ್ನು ರೂಢಿ ಮಾಡಿಕೊಳ್ಳಿ. ಎಲ್ಲರೂ ಪ್ರತಿ ಸಲವೂ ಹೀಗೆ ಮಾಡಿದರೆ ಯಾರಿಗೂ ಅದು ಅವಮಾನವೆನಿಸುವುದಿಲ್ಲ, ಹೇಳಿದವರಿಗೂ ತಮ್ಮ ಮಾತನ್ನು ಇನ್ನೊಮ್ಮೆ ಕೇಳಿಸಿಕೊಳ್ಳುವ ಅವಕಾಶ ಸಿಗುತ್ತದೆ. ಸಂದೇಹವಿದ್ದರೆ ಕಾರಣವನ್ನೂ ಸೇರಿಸಿ: ‘ಡಾಕ್ಟರೇ, ನಾಡಿ ಸಿಗುತ್ತಿದೆ. 0.5 ಮಿಲಿಗ್ರಾಂ ಸ್ನಾಯುವಿಗೆ ಕೊಡಲೇ?’ ಎರಡನೆಯ ಸಲ ಕೇಳಿದರೂ ಉತ್ತರ ಸಮಾಧಾನ ತರದಿದ್ದರೆ ಔಷಧವನ್ನು ಕೊಡದೆ, ಹಿರಿಯ ವೈದ್ಯರನ್ನು ತಕ್ಷಣ ಕರೆಯಿರಿ. ಅದು ಚಾಡಿಯಲ್ಲ.

ಮನೆಯವರ ಎದುರು ಗದರಿದ್ದು ತಪ್ಪೇ. ಏಕಕಾಲಕ್ಕೆ ಹಲವು ರೋಗಿಗಳನ್ನು ನೋಡುವ ವೈದ್ಯರ ಒತ್ತಡ ದೊಡ್ಡದೆಂದು ಒಪ್ಪುತ್ತೇನೆ. ಆದರೂ ಒಮ್ಮೆ ಗದರಿಸಿಕೊಂಡ ನರ್ಸ್ ಮುಂದಿನ ಸಲ ಬಾಯಿ ತೆರೆಯಲು ಹಿಂಜರಿಯಬಹುದು, ಆ ಮೌನದ ನಷ್ಟ ರೋಗಿಗೆ. ಶಿಫ್ಟ್ ಮುಗಿದ ಮೇಲೆ ಆ ವೈದ್ಯರೊಡನೆ ಪ್ರತ್ಯೇಕವಾಗಿ ಮಾತನಾಡಿ, ನೀವು ಗಮನಿಸಿದ್ದೇನು, ಏಕೆ ಕೇಳಿದಿರಿ ಎಂಬುದನ್ನು ಶಾಂತವಾಗಿ ತಿಳಿಸಿ. ಅದೇ ವರ್ತನೆ ಮರುಕಳಿಸಿದರೆ ನರ್ಸಿಂಗ್ ಮೇಲ್ವಿಚಾರಕರಿಗೂ ವಿಭಾಗದ ಮುಖ್ಯಸ್ಥರಿಗೂ ಲಿಖಿತವಾಗಿ ತಿಳಿಸಿ.