ಎಂಸಿಬಿ ಕಾಯುವುದು ಗೀಸರನ್ನಲ್ಲ, ವೈರನ್ನು

ಚಳಿ ಶುರುವಾಯಿತೆಂದರೆ ನನಗೆ ಬರುವುದೆಲ್ಲ ಗೀಸರ್ ಪತ್ರಗಳೇ. ಊರು ಬೇರೆ, ಮನೆ ಬೇರೆ, ಪ್ರಶ್ನೆ ಮಾತ್ರ ಒಂದೇ. ಹೋದ ವರ್ಷ ಉತ್ತರ ಬರೆದಿದ್ದೆ, ಅದರ ಹಿಂದಿನ ವರ್ಷವೂ ಬರೆದಿದ್ದೆ. ಈ ಸಲ ಬಂದವುಗಳಲ್ಲಿ ಒಂದನ್ನು ಎತ್ತಿಕೊಂಡು ಪೂರ್ತಿ ಬರೆಯುತ್ತಿದ್ದೇನೆ. ಎಂಸಿಬಿ ಎಂದರೆ ಕರೆಂಟ್ ಮಿತಿ ಮೀರಿದಾಗ ತಾನೇ ಆಫ್ ಆಗುವ ಸ್ವಿಚ್, ಹಾಗೆ ಆಫ್ ಆಗುವುದಕ್ಕೇ ಬೀಳುವುದು ಎನ್ನುವುದು. ಫೇಸ್ ಯಾವುದು, ನ್ಯೂಟ್ರಲ್ ಯಾವುದು ಎಂದು ಇಲ್ಲಿ ಹೇಳುವುದಿಲ್ಲ. ಅದು ಗೊತ್ತಿಲ್ಲದವರು ಬೋರ್ಡಿಗೆ ಕೈ ಹಾಕಬೇಡಿ, ಅಷ್ಟೇ.

ಪ್ರಶ್ನೆ: ನಮ್ಮದು ಹಳೇ ಮನೆ. ಹೋದ ತಿಂಗಳು 25 ಲೀಟರಿನ, 3 ಕಿಲೋವ್ಯಾಟಿನ ಗೀಸರ್ ಹಾಕಿಸಿದೆವು. ಅಡುಗೆಮನೆಯ 2 ಕಿಲೋವ್ಯಾಟಿನ ಇಂಡಕ್ಷನ್ ಸ್ಟೌ ಕೂಡ ಅದೇ ಲೈನಿನಲ್ಲಿದೆ. ಬೆಳಿಗ್ಗೆ ಎರಡೂ ಒಟ್ಟಿಗೆ ಹಾಕಿದರೆ ಕಾಲು ಗಂಟೆಯಲ್ಲಿ 16 ಆಂಪಿನ ಎಂಸಿಬಿ ಬೀಳುತ್ತೆ. ಎಲೆಕ್ಟ್ರಿಷಿಯನ್ "32 ಹಾಕಿಬಿಡೋಣ, ಆಮೇಲೆ ಬೀಳೋದೇ ಇಲ್ಲ" ಅಂತಾರೆ. ಹಾಕಿಸಬಹುದಾ? — ಶಿವಮೊಗ್ಗದ ಓದುಗರು

ಬೇಡ. ಅವರು ಹೇಳಿದ್ದು ನಿಜ, ಆಮೇಲೆ ಬೀಳುವುದೇ ಇಲ್ಲ. ತೊಂದರೆ ಇರುವುದೇ ಅಲ್ಲಿ.

ನಿಮ್ಮ ಪತ್ರದಲ್ಲಿ ಗೀಸರಿನ ಕಂಪನಿ ಇದೆ, ಬೆಲೆ ಇದೆ, ವಾರಂಟಿ ಎಷ್ಟು ವರ್ಷ ಎಂಬುದೂ ಇದೆ. ಗೋಡೆಯೊಳಗೆ ಹೋಗಿರುವ ವೈರ್ ಎಷ್ಟು ದಪ್ಪ ಎಂಬುದು ಮಾತ್ರ ಇಲ್ಲ. ಯಾರ ಪತ್ರದಲ್ಲೂ ಇರುವುದಿಲ್ಲ. ನನಗೆ ಬೇಕಾಗಿರುವುದು ಅದೊಂದೇ.

ಲೆಕ್ಕ ದೊಡ್ಡದೇನಲ್ಲ. ವ್ಯಾಟನ್ನು ಮನೆಯ ವೋಲ್ಟೇಜ್ 230ರಿಂದ ಭಾಗಿಸಿ. ಗೀಸರಿಗೆ 13 ಆಂಪ್, ಸ್ಟೌವಿಗೆ ಸುಮಾರು 9. ಎರಡೂ ಸೇರಿ 22. ನಿಮ್ಮ ಎಂಸಿಬಿ ಇರುವುದು 16ಕ್ಕೆ. ಕಾಲು ಗಂಟೆ ಸಹಿಸಿಕೊಂಡು ಆಮೇಲೆ ಬೀಳುತ್ತಿದೆ ಎಂದರೆ ಅದು ಕೆಟ್ಟಿಲ್ಲ, ಸರಿಯಾಗಿಯೇ ಕೆಲಸ ಮಾಡುತ್ತಿದೆ. ಮನೆಯಲ್ಲಿ ನೆಟ್ಟಗೆ ಕೆಲಸ ಮಾಡುತ್ತಿರುವ ಒಂದೇ ವಸ್ತುವನ್ನು ಕಿತ್ತು ಬಿಸಾಡಲು ಹೊರಟಿದ್ದೀರಿ.

ಈಗ ವೈರ್ ವಿಷಯ. ಗೋಡೆಯ ಪೈಪಿನಲ್ಲಿ ನಾಲ್ಕಾರು ವೈರುಗಳು ಒತ್ತಾಗಿ ಕೂತಿರುವಾಗ 1.5 ಸ್ಕ್ವೇರ್ ಎಂಎಂ ತಾಮ್ರದ ವೈರಿಗೆ ನಾನು 14 ಆಂಪಿಗಿಂತ ಜಾಸ್ತಿ ಕೊಡುವುದಿಲ್ಲ. 2.5ಕ್ಕೆ 19, 4ಕ್ಕೆ 26. ಕಂಪನಿಯ ಪಟ್ಟಿಯಲ್ಲಿ ಇನ್ನೂ ಸ್ವಲ್ಪ ಮೇಲೆಯೇ ಇರಬಹುದು. ಆದರೆ ಆ ಪಟ್ಟಿ ಬರೆದವರು ನಿಮ್ಮ ಮನೆಯ ಪೈಪಿನಲ್ಲಿ ಎಷ್ಟು ವೈರ್ ತುರುಕಿದ್ದಾರೆಂದು ನೋಡಿಲ್ಲ. ಕರೆಂಟ್ ಒಂದೂವರೆ ಪಟ್ಟಾದರೆ ವೈರಿನ ಬಿಸಿಯೂ ಒಂದೂವರೆ ಪಟ್ಟಾಗಿ ನಿಲ್ಲುವುದಿಲ್ಲ, ಎರಡೂ ಕಾಲು ಪಟ್ಟಾಗುತ್ತದೆ. ಸಾಮಾನ್ಯ ಪಿವಿಸಿ ವೈರ್ ತಡೆಯುವುದು 70 ಡಿಗ್ರಿವರೆಗೆ.

32ರ ಎಂಸಿಬಿ 32 ಆಂಪ್ ದಾಟಿದ ತಕ್ಷಣ ಬೀಳುತ್ತದೆ ಎಂದುಕೊಂಡಿದ್ದರೆ ಅದೂ ತಪ್ಪು. 36 ಆಂಪ್ ಹರಿದರೂ ಒಂದು ಗಂಟೆ ಬೀಳದೆ ನಿಲ್ಲಬೇಕು, 46 ಹರಿದರೆ ಗಂಟೆಯೊಳಗೆ ಬೀಳಬೇಕು ಎಂಬುದು ಅದನ್ನು ತಯಾರಿಸುವ ನಿಯಮ. ನಿಮ್ಮ 22 ಆಂಪ್ ಅದರ ಗಮನಕ್ಕೂ ಬರುವುದಿಲ್ಲ. ಒಳಗಿರುವುದು 1.5ರ ವೈರಾದರೆ ದಿನಾ ಬೆಳಿಗ್ಗೆ ಗೋಡೆಯೊಳಗೆ ಬೇಯುತ್ತಿರುತ್ತದೆ.

ದಾವಣಗೆರೆಯಲ್ಲಿ ಒಂದು ಮನೆಗೆ ಹೋಗಿದ್ದೆ. ಬಾತ್‌ರೂಮಿನ ಹತ್ತಿರ ಎರಡು ತಿಂಗಳಿಂದ ಮೀನಿನಂಥ ವಾಸನೆ. ಇಲಿ ಸತ್ತಿರಬೇಕೆಂದು ಅಟ್ಟವೆಲ್ಲ ಹುಡುಕಿದ್ದರು. ನಾನು ಮೇನ್ ಆಫ್ ಮಾಡಿ ಗೀಸರಿನ ಪ್ಲಗ್ ಬಿಚ್ಚಿದೆ. ಕೆಂಪು ವೈರಿನ ಸಿಪ್ಪೆ ಸೀದ ರಸ್ಕಿನ ಬಣ್ಣಕ್ಕೆ ತಿರುಗಿತ್ತು. ಬೆರಳು ತಾಗಿಸಿದರೆ ಪುಡಿಪುಡಿಯಾಗಿ ಉದುರಿತು. ಸ್ಕ್ರೂ ಇರುವ ಕಡೆ ತಾಮ್ರ ಕಪ್ಪಾಗಿತ್ತು. ಅರ್ಥಿನ ಹಸಿರು ವೈರನ್ನು ಯಾರೋ ಗಿಡ್ಡ ಕತ್ತರಿಸಿ ಒಳಗೆ ಮಡಚಿಟ್ಟಿದ್ದರು. ಎಂಸಿಬಿಗಳೆಲ್ಲ ಕೂತಿರುವ ಪೆಟ್ಟಿಗೆ, ಅಂದರೆ ಡಿಬಿ ತೆರೆದರೆ ಹಳದಿಯಾದ ಹಳೇ ಎಂಸಿಬಿಗಳ ನಡುವೆ ಹೊಸದೊಂದು 32 ಬೆಳ್ಳಗೆ ಹೊಳೆಯುತ್ತಿತ್ತು. "ಅದು ಹಾಕಿಸಿದ ಮೇಲೆ ಏನೂ ತೊಂದ್ರೆ ಇಲ್ಲ ಸರ್" ಎಂದರು ಮನೆಯಾಕೆ. ಸತ್ತ ಇಲಿ ಅದೇ ನೋಡಿ ತಾಯಿ, ಎಂದೆ.

ಹಾಗಾದರೆ ಏನು ಮಾಡಬೇಕು? ಗೀಸರಿಗೆ ಡಿಬಿಯಿಂದಲೇ ಬೇರೆ ಲೈನ್ ಎಳೆಸಿ. 4 ಸ್ಕ್ವೇರ್ ಎಂಎಂ ವೈರ್, 20 ಆಂಪಿನ ಎಂಸಿಬಿ, ಫೇಸ್, ನ್ಯೂಟ್ರಲ್ ಎರಡನ್ನೂ ಒಟ್ಟಿಗೆ ಆಫ್ ಮಾಡುವ 20 ಆಂಪಿನ ಡಿಪಿ ಸ್ವಿಚ್, ಜೊತೆಗೆ ಹಸಿರು ವೈರ್ ಕೊನೆಯವರೆಗೂ. 13 ಆಂಪಿಗೆ 2.5 ಸಾಲುವುದಿಲ್ಲವೇ ಎಂದು ಕೇಳುತ್ತೀರಿ. ಕಾಗದದ ಮೇಲೆ ಸಾಲುತ್ತದೆ. ಆದರೆ ಗೋಡೆ ಒಡೆದು ಪೈಪ್ ಕೂರಿಸಿ ಪ್ಲಾಸ್ಟರ್ ಮಾಡಿಸುವ ಕೂಲಿಯ ಮುಂದೆ ವೈರಿನ ವ್ಯತ್ಯಾಸ ಏನೂ ಅಲ್ಲ. ನಾನು ಸ್ವಲ್ಪ ಹೆದರುವ ಮನುಷ್ಯ, 4ನ್ನೇ ಹಾಕಿಸುತ್ತೇನೆ. ಇಂಡಕ್ಷನ್ ಸ್ಟೌ ಇರುವ ಪವರ್ ಪ್ಲಗ್ಗಿಗೆ 2.5ರ ವೈರ್, 16ರ ಎಂಸಿಬಿ, ಅದೂ ಬೇರೆಯಾಗಿ. ಲೈಟು, ಫ್ಯಾನಿಗೆ 1.5 ಮತ್ತು 6 ಅಥವಾ 10ರ ಎಂಸಿಬಿ.

ದೂರವನ್ನೂ ಮರೆಯಬೇಡಿ. ಡಿಬಿಯಿಂದ ಗೀಸರಿಗೆ 20 ಮೀಟರ್ ಎಂದರೆ ಹೋಗಿಬರುವ ವೈರ್ 40 ಮೀಟರ್. 1 ಸ್ಕ್ವೇರ್ ಎಂಎಂ ವೈರಿನಲ್ಲಿ ಅಷ್ಟು ದೂರ 13 ಆಂಪ್ ಹರಿದರೆ 10 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಅಂದರೆ 130 ವ್ಯಾಟ್ ಗೋಡೆಯನ್ನು ಕಾಯಿಸಲು ಖರ್ಚು. ಹಳೇ ಕಾಲದ 100 ವ್ಯಾಟಿನ ಬಲ್ಬ್ ಮುಟ್ಟಿ ಕೈ ಸುಟ್ಟುಕೊಂಡವರಿಗೆ ಇದು ಅರ್ಥವಾಗುತ್ತದೆ. 2.5ರ ವೈರಿನಲ್ಲಿ ಹೋಗುವುದು 4 ವೋಲ್ಟ್.

ಒಂದೇ ಸಂದರ್ಭದಲ್ಲಿ ಎಂಸಿಬಿ ದೊಡ್ಡದು ಮಾಡಬಹುದು. ಒಳಗೆ ನಿಜವಾಗಿಯೂ 4ರ ವೈರ್ ಇದ್ದು, ಯಾರೋ ಸುಮ್ನೆ 16 ಹಾಕಿದ್ದರೆ 20ಕ್ಕೆ ಹೋಗಿ. ಆದರೆ ಡಿಬಿಯಲ್ಲಿ 4 ಕಂಡಿತೆಂದು ನಂಬಬೇಡಿ. ನಡುವಿನ ಜಂಕ್ಷನ್ ಬಾಕ್ಸಿನಿಂದ ಮುಂದಕ್ಕೆ 1.5 ಹೋಗಿರುವುದನ್ನು ಬೇಕಾದಷ್ಟು ಕಡೆ ನೋಡಿದ್ದೇನೆ. ಇಡೀ ದಾರಿಯಲ್ಲಿ ಎಲ್ಲಕ್ಕಿಂತ ಸಣ್ಣ ತುಂಡು ಯಾವುದೋ, ಎಂಸಿಬಿ ಅದರ ಲೆಕ್ಕಕ್ಕೆ.

ಗೀಸರ್ ಒಂದೇ ಹಾಕಿದಾಗಲೂ ಬೀಳುತ್ತಿದ್ದರೆ ಮೊದಲು ಎಂಸಿಬಿಯ ಸ್ಕ್ರೂ ಬಿಗಿ ಮಾಡಿಸಿ. ಸಡಿಲ ಇದ್ದರೆ ಅಲ್ಲೇ ಬಿಸಿಯಾಗಿ, ಒಳಗಿನ ಲೋಹದ ಪಟ್ಟಿ ಬಾಗಿ ಎಂಸಿಬಿ ಬೀಳುತ್ತದೆ. ಹೊಸ ಲೈನ್ ಬರುವವರೆಗೆ ಎಲ್ಲರ ಸ್ನಾನ ಆದ ಮೇಲೆ ದೋಸೆ. ಬೇರೆ ದಾರಿ ಇಲ್ಲ.

ಪ್ರಶ್ನೆ: ನಮ್ಮ ವೈರ್‌ಮನ್ 3/22, 7/20 ಅಂತಾರೆ. ಅಂಗಡಿಯವರು ಸ್ಕ್ವೇರ್ ಎಂಎಂ ಅಂತಾರೆ. ಯಾವುದು ಸರಿ?

ಎರಡೂ ಸರಿ. 7/20 ಎಂದರೆ 20 ಗೇಜಿನ ಏಳು ಎಳೆ, ಹಳೇ ಇಂಗ್ಲಿಷ್ ಲೆಕ್ಕ. ಅದು ಸುಮಾರು 4.6 ಸ್ಕ್ವೇರ್ ಎಂಎಂ ಆಗುತ್ತದೆ. 3/22 ಎಂದರೆ 1.2 ಆಸುಪಾಸು. ಗೇಜಿನ ನಂಬರ್ ಹೆಚ್ಚಾದಷ್ಟೂ ಎಳೆ ಸಣ್ಣದು, ಇಲ್ಲೇ ಜನ ಎಡವುವುದು. ನಿಮ್ಮ ವೈರ್‌ಮನ್ ಹಳಬರು, ಅವರನ್ನು ಬೈಯಬೇಡಿ. ಬಿಲ್ಲಿನಲ್ಲಿ ಮಾತ್ರ ಸ್ಕ್ವೇರ್ ಎಂಎಂ ಬರೆಸಿಕೊಳ್ಳಿ, ವೈರಿನ ಮೇಲೆ ಐಎಸ್ಐ ಗುರುತು ನೋಡಿ.

ಪ್ರಶ್ನೆ: ದಪ್ಪ ವೈರ್ ಹಾಕಿದರೆ ಮೀಟರ್ ಜಾಸ್ತಿ ಓಡುತ್ತಂತೆ, ಹೌದಾ?

ಇಲ್ಲ. ಕೂದಲೆಳೆಯಷ್ಟು ಕಡಿಮೆಯೇ ಓಡುತ್ತದೆ.

ಪ್ರಶ್ನೆ: ಪ್ಲಗ್ಗಿಗೆ ಸಿಕ್ಕಿಸುವ ಕರೆಂಟ್ ಉಳಿಸುವ ಡಬ್ಬಿ ತಗೊಂಡಿದ್ದೇವೆ. ಯಾವ ರೂಮಿನಲ್ಲಿ ಹಾಕಬೇಕು?

ಕಸದ ಬುಟ್ಟಿಯಲ್ಲಿ. ಒಳಗೆ ಸಾಮಾನ್ಯವಾಗಿ ಇರುವುದು ಒಂದು ಕೆಪಾಸಿಟರ್, ಹಸಿರು ದೀಪ. ಮನೆಯ ಮೀಟರ್ ಯೂನಿಟ್ ಲೆಕ್ಕ ಹಾಕುತ್ತದೆ, ಆ ಡಬ್ಬಿಯಿಂದ ಯೂನಿಟ್ ಇಳಿಯುವುದಿಲ್ಲ. ಇನ್ನು ಈ ಪ್ರಶ್ನೆ ಕಳಿಸಬೇಡಿ.

ಪ್ರಶ್ನೆ: ಮನೆಗೆ ಅರ್ಥಿಂಗ್ ಇಲ್ಲ. ಮೂರು ಪಿನ್ನಿನ ಪ್ಲಗ್ಗಿನಲ್ಲಿ ಅರ್ಥನ್ನೂ ನ್ಯೂಟ್ರಲನ್ನೂ ಸೇರಿಸಿಕೊಟ್ಟಿದ್ದಾರೆ. ನಡೆಯುತ್ತಾ?

ಸೇರಿಸಿದವರನ್ನು ಇನ್ನೊಮ್ಮೆ ಮನೆಗೆ ಸೇರಿಸಬೇಡಿ. ಎಲ್ಲೋ ನ್ಯೂಟ್ರಲ್ ಕಡಿದುಹೋದ ದಿನ ಫ್ರಿಜ್ಜಿನ ಬಾಗಿಲಿಗೇ 230 ವೋಲ್ಟ್ ಬರುತ್ತದೆ. ಇವತ್ತೇ ಬಿಡಿಸಿ, ಗುಂಡಿ ತೋಡಿಸಿ ಅರ್ಥ್ ಮಾಡಿಸಿ.

ಪ್ರಶ್ನೆ: ಎಂಸಿಬಿ ಇದ್ದ ಮೇಲೆ ಆರ್‌ಸಿಸಿಬಿ ಯಾಕೆ? ನಮ್ಮದು ಗೀಸರ್ ಹಾಕಿದಾಗೆಲ್ಲ ಬೀಳುತ್ತೆ ಅಂತ ಬೈಪಾಸ್ ಮಾಡಿಸಿದ್ದೇವೆ.

ಎಂಸಿಬಿ ವೈರಿಗೆ, ಆರ್‌ಸಿಸಿಬಿ ನಿಮಗೆ. 30 ಮಿಲಿಆಂಪ್ ಸೋರಿದರೆ ಸಾಕು, ಅದು ಬೀಳುತ್ತದೆ. ಮನುಷ್ಯನನ್ನು ಕೊಲ್ಲುವ ಕರೆಂಟಿಗೆ 16ರ ಎಂಸಿಬಿ ಅಲ್ಲಾಡುವುದೂ ಇಲ್ಲ. ಗೀಸರ್ ಹಾಕಿದಾಗ ಮಾತ್ರ ಬೀಳುತ್ತದೆ ಎಂದರೆ ಎಲಿಮೆಂಟ್ ಹೋಗಿರಬೇಕು. ಬೋರ್‌ವೆಲ್ಲಿನ ಗಡಸು ನೀರಿಗೆ ಅದರ ಮೇಲೆ ಉಪ್ಪು ಕಟ್ಟಿ, ಕೊಳವೆ ಸೀಳಿ, ಒಳಗಿನ ಕರೆಂಟ್ ನೀರಿಗೆ ಸೋರುತ್ತದೆ. ಬೈಪಾಸ್ ತೆಗೆಸಿ, ಎಲಿಮೆಂಟ್ ಬದಲಿಸಿ. ಅಲ್ಲಿಯವರೆಗೆ ಆ ಗೀಸರಿನ ಸ್ವಿಚ್ ಮುಟ್ಟಬೇಡಿ, ನೀರು ಒಲೆಯ ಮೇಲೆ ಕಾಯಿಸಿಕೊಳ್ಳಿ.