ಸಂಪಾದಕರ ಉತ್ತರ: ಕಾರು ಬರುವ ಮೊದಲೇ ಕಂತು ಕಟ್ಟಿ ನೋಡಿ

ದಾವಣಗೆರೆಯ ನಿಟ್ಟುವಳ್ಳಿಯಿಂದ 26 ವರ್ಷದ ಓದುಗರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹರಿಹರದ ಕಾರ್ಖಾನೆಯೊಂದರಲ್ಲಿ ಶಿಫ್ಟ್ ಕೆಲಸ, ಕೈಗೆ ಸಿಗುವ ಸಂಬಳ 42 ಸಾವಿರ. ನಾಲ್ಕು ವರ್ಷದಿಂದ ತಿಂಗಳಿಗೆ 15 ಸಾವಿರ ಎತ್ತಿಟ್ಟು 7 ಲಕ್ಷ 40 ಸಾವಿರ ಕೂಡಿಸಿದ್ದಾರೆ. ಸ್ಪೋರ್ಟ್ಸ್ ಕಾರಿನ ಆಸೆಗೆ ಬೆಂಗಳೂರಿಗೆ ಹೋಗಿ ಸೆಕೆಂಡ್ ಹ್ಯಾಂಡ್ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ಒಂದನ್ನು ನೋಡಿ ಬಂದಿದ್ದಾರೆ, 17 ಲಕ್ಷ ಹೇಳಿದರಂತೆ. ಗೆಳೆಯರು ‘ಇರೋದನ್ನ ಕಟ್ಟು, ಉಳಿದದ್ದಕ್ಕೆ ಲೋನ್ ಮಾಡು’ ಅಂತಾರೆ. ಮಂಡಕ್ಕಿ ಭಟ್ಟಿಯಲ್ಲಿ ಲೆಕ್ಕ ಬರೆಯುವ ಅಪ್ಪ ‘ಸೈಟ್ ತಗೋ’ ಅಂತಾರೆ. ಇದರ ನಡುವೆ ಕಳೆದ ಸಂಚಿಕೆಯಲ್ಲಿ ‘ಈಗಿನ ಹುಡುಗರ ಕಾರಿನ ಹುಚ್ಚು’ ಎಂದು ನಾನು ಬರೆದದ್ದನ್ನು ಓದಿ ಅವರಿಗೆ ನೋವಾಗಿದೆ. ‘ಕುಡಿಯಲ್ಲ, ಜೂಜಾಡಲ್ಲ, ಇವತ್ತಿನವರೆಗೆ ಒಂದು ರೂಪಾಯಿ ಸಾಲ ಮಾಡಿಲ್ಲ. ಒಂದು ಕಾರನ್ನು ಇಷ್ಟಪಟ್ಟರೆ ತಪ್ಪಾ ಸಾರ್?’ ಎಂದು ಕೇಳಿದ್ದಾರೆ.

ಪ್ರೀತಿಯ ತಮ್ಮ,

ತಪ್ಪಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ. ಕಳೆದ ಸಂಚಿಕೆಯಲ್ಲಿ ನಾನು ಎಲ್ಲರನ್ನೂ ಒಂದೇ ಗಂಟಿಗೆ ಕಟ್ಟಿ ಬರೆದೆ. ನಾಲ್ಕು ವರ್ಷ ಪಾಸ್‌ಬುಕ್ ಬೆಳೆಸಿದವನನ್ನೂ, ನಾಲ್ಕು ದಿನದಲ್ಲಿ ಲೋನ್ ಪಾಸ್ ಮಾಡಿಸಿಕೊಂಡವನನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿದ್ದು ಸರಿಯಲ್ಲ. ಕ್ಷಮಿಸಿ.

ಆದರೆ ಆ ಬರಹ ಸುಮ್ನೆ ಹುಟ್ಟಿದ್ದಲ್ಲ. ನನ್ನ ಅಕ್ಕನ ಮಗ ಮೂರು ವರ್ಷದ ಹಿಂದೆ ಹೊಸ ಕಾರು ತಂದ. ಏಳು ವರ್ಷದ ಸಾಲ. ಒಂದೂವರೆ ವರ್ಷಕ್ಕೆ ಕೆಲಸ ಹೋಯಿತು. ಆಮೇಲೆ ಎಂಟು ತಿಂಗಳು ಆ ಕಾರು ಮನೆ ಮುಂದೆ ಕವರ್ ಹೊದ್ದುಕೊಂಡು ನಿಂತಿತ್ತು. ಇನ್ಶೂರೆನ್ಸ್ ಮುಗಿದಿತ್ತು, ಬ್ಯಾಟರಿ ಸತ್ತಿತ್ತು, ಕವರ್ ಮೇಲೆ ಬೇವಿನ ಎಲೆ ಬಿದ್ದು ಬಿದ್ದು ಒಂದು ಪದರವೇ ಆಗಿತ್ತು. ಅಕ್ಕ ಮಾತ್ರ ಪ್ರತಿ ಶುಕ್ರವಾರ ಕವರ್ ಸರಿಸಿ, ಮುಂದಿನ ಎರಡು ಟೈರಿಗೆ ನೀರು ಹಾಕಿ, ಬಂಪರಿಗೆ ಅರಿಶಿನ ಕುಂಕುಮ ಹಚ್ಚುತ್ತಿದ್ದಳು. ಓಡದ ಕಾರಿಗೆ ಪೂಜೆ. ಕೊನೆಗೆ ಫೈನಾನ್ಸಿನವರು ಬಂದು ಕಾರು ಎಳೆದುಕೊಂಡು ಹೋದ ದಿನ ಅವಳು ಅದನ್ನೇ ಕೇಳಿದ್ದು, ‘ಶುಕ್ರವಾರ ಪೂಜೆ ಮಾಡಿದ್ನಲ್ಲೋ, ಯಾಕೆ ಹಿಂಗಾಯ್ತು?’ ಎಂದು. ಆ ಬರಹ ಬರೆಯುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಆ ಬಂಪರ್. ನೀವಲ್ಲ.

ಈಗ ನಿಮ್ಮ ಲೆಕ್ಕಕ್ಕೆ ಬರೋಣ. ನೀವು ಕಾರಿನ ಬಗ್ಗೆ ಎರಡೂವರೆ ಪುಟ ಬರೆದಿದ್ದೀರಿ, ದುಡ್ಡಿನ ಬಗ್ಗೆ ಅರ್ಧ ಪುಟ. ಆ ಅರ್ಧ ಪುಟವನ್ನು ನಾನು ಸ್ವಲ್ಪ ಉದ್ದ ಮಾಡುತ್ತೇನೆ.

17 ಲಕ್ಷದ ಕಾರು. ನಿಮ್ಮ 7 ಲಕ್ಷ ಕೊಟ್ಟರೆ ಇನ್ನು 10 ಲಕ್ಷ ಸಾಲ. ಸೆಕೆಂಡ್ ಹ್ಯಾಂಡ್ ಕಾರಿಗೆ ಬಡ್ಡಿ ಹೊಸ ಕಾರಿಗಿಂತ ಜಾಸ್ತಿ. ಶೇ 13 ಎಂದಿಟ್ಟುಕೊಳ್ಳಿ, ಐದು ವರ್ಷಕ್ಕೆ ತಿಂಗಳ ಕಂತು ಸುಮಾರು 22,750 ರೂಪಾಯಿ. ಬಡ್ಡಿಯೊಂದೇ 3 ಲಕ್ಷ 65 ಸಾವಿರ. ನೀವು ನಾಲ್ಕು ವರ್ಷ ಹೊಟ್ಟೆಬಟ್ಟೆ ಕಟ್ಟಿ ಕೂಡಿಸಿದ್ದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ದುಡ್ಡು ಅದು. ಎರಡು ವರ್ಷದ ಉಳಿತಾಯ ಬಡ್ಡಿಗೇ ಹೋಗುತ್ತೆ ಅಂದರೆ, ಆ ಎರಡು ವರ್ಷ ನೈಟ್ ಶಿಫ್ಟಿಗೆ ಹೋಗಿ ಬಂದದ್ದೆಲ್ಲ ಯಾರಿಗಾಗಿ? ಇದನ್ನು ನಿಮ್ಮ ಗೆಳೆಯರು ಹೇಳಲ್ಲ, ಯಾಕೆಂದರೆ ಕಂತು ಕಟ್ಟುವವರು ಅವರಲ್ಲ.

ಕಂತಿನ ಆಚೆ ಇನ್ನೊಂದು ಖರ್ಚಿದೆ. 1500 ಸಿಸಿ ದಾಟಿದ ಕಾರಿಗೆ ಥರ್ಡ್ ಪಾರ್ಟಿ ಇನ್ಶೂರೆನ್ಸ್ ಒಂದೇ, 2022ರಲ್ಲಿ ನಿಗದಿಯಾದ ದರದಂತೆ, ವರ್ಷಕ್ಕೆ 7,897 ರೂಪಾಯಿ, ಜಿಎಸ್‌ಟಿ ಇದ್ದರೆ ಅದು ಬೇರೆ. ನಿಮ್ಮ ಕಾರಿನ ರಿಪೇರಿಗೆ ಆಗುವ ಇನ್ಶೂರೆನ್ಸೂ ಬೇರೆ. ದೊಡ್ಡ ರಿಮ್ಮಿನ ಅಗಲ ಟೈರು ನಾಲ್ಕು ಒಟ್ಟಿಗೆ ಹಾಕಿಸಬೇಕಾದಾಗ ಒಂದು ತಿಂಗಳ ಸಂಬಳ ದಾಟಿದರೂ ಆಶ್ಚರ್ಯ ಪಡಬೇಡಿ. ಇಲ್ಲಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಲೀಟರಿಗೆ 10 ಕೊಟ್ಟರೆ ಹೋಗಿಬರಲು 52 ಲೀಟರ್ ಪೆಟ್ರೋಲ್. ಮತ್ತೆ ಒಂದು ಪ್ರಶ್ನೆ ನೀವು ಪತ್ರದಲ್ಲಿ ಎಲ್ಲೂ ಕೇಳಿಕೊಂಡಿಲ್ಲ: ಆ ಗೇರ್‌ಬಾಕ್ಸ್ ಕೈಕೊಟ್ಟರೆ ನಮ್ಮೂರಲ್ಲಿ ಬಿಚ್ಚುವವರು ಯಾರು? ಅದು ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್, ಅಂದರೆ ಎರಡು ಕ್ಲಚ್ ಇಟ್ಟುಕೊಂಡು ತಾನೇ ಗೇರ್ ಬದಲಿಸುವಂಥದ್ದು. ನಮ್ಮ ಪಿ.ಬಿ. ರಸ್ತೆಯ ಗ್ಯಾರೇಜಿನ ಅಣ್ಣ ಸ್ಪ್ಯಾನರ್ ಹಿಡಿದು ಬಿಚ್ಚಿ ಸಂಜೆಗೆ ಜೋಡಿಸುವ ವಸ್ತುವಲ್ಲ. ಕಾರು ನೋಡುವ ಮೊದಲು ಆ ಗ್ಯಾರೇಜನ್ನು ನೋಡಿ.

ಹಾಗಾಗಿ ನಾನು ಹೇಳುವುದು ಇಷ್ಟೇ. ಇನ್ನು ಆರು ತಿಂಗಳು, ಕಾರು ಇಲ್ಲದೆಯೇ ಕಾರಿನ ಖರ್ಚು ಕಟ್ಟಿ ನೋಡಿ. ಸಂಬಳ ಬಿದ್ದ ದಿನವೇ 22,750ರ ಕಂತು, ಅದರ ಮೇಲೆ ಟೈರು, ಸರ್ವಿಸ್, ಇನ್ಶೂರೆನ್ಸಿಗೆ ಅಂತ 7 ಸಾವಿರ, ಒಟ್ಟು 30 ಸಾವಿರ ಹತ್ತಿರ ಬೇರೆ ಖಾತೆಗೆ ಹಾಕಿ ಮುಟ್ಟದೆ ಇರಿ. ಉಳಿದ 12 ಸಾವಿರದಲ್ಲಿ ಮನೆಗೆ ಕೊಡುವುದು, ಮೊಬೈಲ್, ಬೈಕಿನ ಪೆಟ್ರೋಲ್, ಗೆಳೆಯರ ಮದುವೆ, ಅಮ್ಮನ ಮಾತ್ರೆ ಎಲ್ಲ ಆಗಬೇಕು. ಮಧ್ಯೆ ಒಂದು ಹಬ್ಬವೂ ಬರಲಿ. ಆರು ತಿಂಗಳು ಯಾರ ಹತ್ತಿರವೂ ಕೈ ಚಾಚದೆ ನಡೆದರೆ ಆ ಕಾರನ್ನು ಸಾಕುವ ಶಕ್ತಿ ನಿಮಗಿದೆ, ಜೊತೆಗೆ ಕೈಯಲ್ಲಿ ಇನ್ನೂ 1 ಲಕ್ಷ 80 ಸಾವಿರ ಇರುತ್ತೆ. ಮೂರನೇ ತಿಂಗಳಿಗೇ ಉಸಿರು ಕಟ್ಟಿದರೆ? ಏನೂ ಕಳೆದುಕೊಂಡಿಲ್ಲ. ಆ ದುಡ್ಡು ನಿಮ್ಮದೇ. ನನ್ನ ಅಳಿಯನಿಗೆ ಈ ಮಾತು ಹೇಳುವವರು ಆಗ ಯಾರೂ ಇರಲಿಲ್ಲ. ನಾನೂ ಹೇಳಲಿಲ್ಲ. ಸ್ವೀಟ್ ತಿಂದು ಬಂದೆ.

ನನ್ನ ಮನಸ್ಸು ಕೇಳಿದರೆ ಆ 17 ಲಕ್ಷದ ಕಾರು ಈಗ ಬೇಡ. ಚಿಕ್ಕದು ತಗೊಳ್ಳಿ, ಪೂರ್ತಿ ದುಡ್ಡು ಕೊಟ್ಟು ತಗೊಳ್ಳಿ. ನಿಮ್ಮ ಗೋಡೆ ಮೇಲೆ ಮಸ್ಟಾಂಗ್ ಚಿತ್ರ ಇದೆ ಅಂದಿರಿ. ಅದು 2016ರಲ್ಲಿ ಭಾರತಕ್ಕೆ ಬಂದಾಗ ಶೋರೂಂ ಬೆಲೆಯೇ 65 ಲಕ್ಷದ ಸುಮಾರು, ಐದು ಲೀಟರಿನ ವಿ8 ಎಂಜಿನ್. ನಮ್ಮ ರಾಜ್ಯದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್ ಕಾರಿಗೆ ಜೀವಾವಧಿ ತೆರಿಗೆ ಶೇ 18, ಮೇಲೆ ಸೆಸ್. 65 ಲಕ್ಷಕ್ಕೆ ಹಾಕಿ ನೋಡಿದರೆ ತೆರಿಗೆಯೇ 13 ಲಕ್ಷ ಮುಟ್ಟುತ್ತೆ. ಕೈಗೆಟುಕುವ ಬೆಲೆಯ ಎರಡು ಸೀಟಿನ ಸ್ಪೋರ್ಟ್ಸ್ ಕಾರು ನಮ್ಮ ದೇಶದಲ್ಲಿ ಬಂದದ್ದೇ ಅಪರೂಪ. ಹಿಂದೆ ಗೋವಾದಲ್ಲಿ ಸ್ಯಾನ್ ಸ್ಟಾರ್ಮ್ ಅಂತ ಒಂದು ಪುಟ್ಟ ಕಾರು ತಯಾರಾಗುತ್ತಿತ್ತು, ಹೆಚ್ಚು ಓಡಲಿಲ್ಲ. ಆದ್ದರಿಂದ ನಮ್ಮ ಹುಡುಗರು ಸ್ಪೋರ್ಟ್ಸ್ ಕಾರಿನ ಆಸೆಯನ್ನು ಚುರುಕು ಹ್ಯಾಚ್‌ಬ್ಯಾಕುಗಳಲ್ಲೇ ತೀರಿಸಿಕೊಂಡರು. 2022ರಲ್ಲಿ ಇಲ್ಲಿ ತಯಾರಿ ನಿಂತ ಫೋಕ್ಸ್‌ವ್ಯಾಗನ್ ಪೋಲೋದ ಜಿಟಿ ಟಿಎಸ್‌ಐ, 2021ರಲ್ಲಿ ಬಂದ ಹ್ಯುಂಡೈ ಐ20 ಎನ್ ಲೈನ್, ಇವೆಲ್ಲ ಒಂದು ಲೀಟರ್ ಆಸುಪಾಸಿನ ಟರ್ಬೊ ಎಂಜಿನ್ನಿನ ಕಾರುಗಳು. ‘ಇದು ಸ್ಪೋರ್ಟ್ಸ್ ಕಾರೇ ಅಲ್ಲ’ ಎಂದು ನಿಮ್ಮ ಗೆಳೆಯರು ವಾದ ಮಾಡಬಹುದು. ಮಾಡಲಿ ಬಿಡಿ. ಸಂತೇಬೆನ್ನೂರು ರಸ್ತೆಯ ತಿರುವಿನಲ್ಲಿ ಥರ್ಡ್ ಗೇರಿಗೆ ಇಳಿಸಿ ಕಾಲು ಒತ್ತಿದಾಗ ಸೀಟು ಬೆನ್ನು ತಳ್ಳುತ್ತದಲ್ಲ, ಅದು ಚಿಕ್ಕ ಕಾರಿನಲ್ಲೂ ಸಿಗುತ್ತೆ. ನಮ್ಮ ಬಡಾವಣೆಗಳಲ್ಲಿ ಮನೆಗೊಂದರಂತೆ ಹಾಕಿರುವ ಹಂಪ್ ಮೇಲೆ ಹೊಟ್ಟೆ ಉಜ್ಜದೆ ದಾಟುವ ಕಾರೂ ಅದೇ.

ನಮ್ಮ ಆಫೀಸಿನಲ್ಲಿ ಪುಟ ಕಟ್ಟುವ ಹುಡುಗಿ ಹೋದ ವರ್ಷ ಹೀಗೇ ತಗೊಂಡಳು. ಐದು ವರ್ಷ ಕೂಡಿಸಿದ ದುಡ್ಡು, ಅದರಲ್ಲಿ ಅರ್ಧ ಪೋಸ್ಟ್ ಆಫೀಸ್ ಆರ್‌ಡಿ. ನೀವು ಉಳಿತಾಯ ಖಾತೆಯಲ್ಲೇ ಇಟ್ಟಿದ್ದೀರಿ ಅನ್ನಿಸುತ್ತೆ, ಲೆಕ್ಕ ನೋಡಿದರೆ. ಆರ್‌ಡಿಗೆ ಶೇ 6.7ರ ದರದಲ್ಲಿ ತಿಂಗಳಿಗೆ 10 ಸಾವಿರ ಐದು ವರ್ಷ ಕಟ್ಟಿದರೆ 6 ಲಕ್ಷಕ್ಕೆ 7 ಲಕ್ಷ 13 ಸಾವಿರ ಬರುತ್ತೆ. ಇನ್ನು ಮುಂದೆಯಾದರೂ ಹಾಗೆ ಮಾಡಿ.

ಕಾರು ನೋಡಲು ಅವಳ ಜೊತೆ ನಾನೂ ಬೆಂಗಳೂರಿಗೆ ಹೋಗಿದ್ದೆ. ಮೊದಲ ಕಾರು ಕನ್ನಡಿಯಂತೆ ಹೊಳೆಯುತ್ತಿತ್ತು. ಅವಳು ಹೊಳಪು ನೋಡಲೇ ಇಲ್ಲ, ಕೂತು ಟೈರಿನ ಪಕ್ಕದಲ್ಲಿ ಅಚ್ಚಾದ ನಾಲ್ಕು ಅಂಕಿ ಓದಿದಳು. 2319 ಅಂತಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ನಾಲ್ಕು ಟೈರಿಗೆ ನಾಲ್ಕು ಬೇರೆ ಬೇರೆ ವರ್ಷ, ಆದರೆ ಮೀಟರಿನಲ್ಲಿ ಬರೀ 21 ಸಾವಿರ ಕಿಲೋಮೀಟರ್. ಅಷ್ಟೇ ಓಡಿದ ಕಾರಿಗೆ ಇಷ್ಟು ಸಲ ಟೈರು ಯಾಕೆ ಬದಲಾಯಿತು? ಮೀಟರ್ ತಿರುಗಿಸಿರಬೇಕು. ‘ಬೇಡ’ ಅಂದಳು. ಎರಡನೆಯದರಲ್ಲಿ ಹಿಂದಿನ ಸೀಟ್ ಬೆಲ್ಟನ್ನು ಕೊನೆವರೆಗೂ ಎಳೆದಳು. ಒಳಗೆ ಸುತ್ತಿಕೊಂಡಿದ್ದ ಭಾಗದಲ್ಲಿ ಒಣಗಿದ ಕೆಸರಿನ ಗೆರೆ. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಂಗಳೂರಿನ ಬೆಳ್ಳಂದೂರು ಕಡೆ ಎಷ್ಟು ಕಾರು ಮುಳುಗಿದವು ಗೊತ್ತಲ್ಲ. ಸೀಟು ತೊಳೆಯುತ್ತಾರೆ, ಕಾರ್ಪೆಟ್ ಬದಲಿಸುತ್ತಾರೆ, ಬೆಲ್ಟಿನ ತುದಿ ತೊಳೆಯಲು ಯಾರಿಗೂ ನೆನಪಾಗಲ್ಲ. ಮೂರನೇ ಕಾರು ಅವಳದಾಯಿತು. ಆರ್‌ಸಿ ಹೆಸರು ಬದಲಾಗಿ ಬಂದ ದಿನ ಆಫೀಸಿಗೆ ತಂದು ತೋರಿಸಿದಳು, ಸಾಲ ಕೊಟ್ಟವರ ಹೆಸರು ಬರುವ ಜಾಗ ಖಾಲಿ ಇತ್ತು. ಎಲ್ಲರಿಗೂ ಬೆಣ್ಣೆ ದೋಸೆ ಕೊಡಿಸಿದಳು.

‘ದೆಹಲಿ ಕಾರು ಅಗ್ಗ’ ಎಂದು ನಿಮಗೂ ಯಾರೋ ಹೇಳಿದ್ದಾರೆ. ಹೌದು, ಅಗ್ಗ. ಆದರೆ ಇಲ್ಲಿ ಕೆಎ-17 ನಂಬರ್ ಹಾಕಿಸುವಾಗ ನಮ್ಮ ರಾಜ್ಯದ ತೆರಿಗೆ ಮತ್ತೆ ಕಟ್ಟಬೇಕು, ಅಲ್ಲಿಯ ಎನ್‌ಒಸಿಗೆ ಓಡಾಡಬೇಕು. ಕರ್ನಾಟಕದ ಕಾರನ್ನೇ ನೋಡಿ, ಅದರ ತೆರಿಗೆಯನ್ನು ಮೊದಲ ಮಾಲೀಕ ಕಟ್ಟಿಬಿಟ್ಟಿರುತ್ತಾನೆ.

ಸ್ಪೀಡಿನ ಬಗ್ಗೆ ಒಂದು ಮಾತು, ಇದನ್ನು ಸಂಪಾದಕನಾಗಿ ಅಲ್ಲ, ಮನೆಯವನಾಗಿ ಹೇಳುತ್ತೇನೆ. ‘ಚಿತ್ರದುರ್ಗದವರೆಗೆ ಹೈವೇ ಖಾಲಿ ಇರುತ್ತೆ’ ಎಂದು ಬರೆದಿದ್ದೀರಿ. ಖಾಲಿ ಇರಲ್ಲ. ಮೆಕ್ಕೆಜೋಳ ತುಂಬಿದ ಟ್ರ್ಯಾಕ್ಟರಿಗೆ ಹಿಂದೆ ಲೈಟ್ ಇರಲ್ಲ, ರಾಂಗ್ ಸೈಡಿನಲ್ಲಿ ಬರುವ ಬೈಕು ಕಾಣಲ್ಲ. ಆ ರಸ್ತೆಯ ಅಪಘಾತದ ಫೋಟೊಗಳು ನನ್ನ ಮೇಜಿಗೆ ಬರುತ್ತವೆ, ಎಲ್ಲವನ್ನೂ ನಾನು ಅಚ್ಚು ಹಾಕಲ್ಲ. ನಿಜವಾಗಿ ಓಡಿಸಬೇಕಾ? ಕೊಯಮತ್ತೂರಿನ ಕರಿ ಮೋಟಾರ್ ಸ್ಪೀಡ್‌ವೇ ಇದೆ, ಚೆನ್ನೈ ಹತ್ತಿರ ಇರುಂಗಾಟ್ಟುಕೋಟೆಯ ಟ್ರ್ಯಾಕ್ ಇದೆ. ಕಾರಿಗೆ ಕೂಡಿಸಿದ ದುಡ್ಡಿನಲ್ಲಿ ಸ್ವಲ್ಪ ತೆಗೆದು ಅಲ್ಲಿ ಒಂದು ದಿನ ಸರಿಯಾಗಿ ಕಲಿತು ಬನ್ನಿ.

ಕೊನೆಗೆ ನಿಮ್ಮ ಅಪ್ಪ. ‘ಕಾರು ನಿಂತಲ್ಲೇ ತಿನ್ನುತ್ತೆ, ಸೈಟು ಬಿದ್ದಲ್ಲೇ ಬೆಳೆಯುತ್ತೆ’ ಅಂದರಂತೆ. ಆ ಮಾತು ನಿಜ, ಅದಕ್ಕೆ ಎದುರು ಮಾತಾಡಬೇಡಿ. ಆದರೆ ನಿಮ್ಮ ಪತ್ರ ಎರಡು ಸಲ ಓದಿದ ಮೇಲೆ ನನಗೆ ಅನ್ನಿಸಿದ್ದು, ನೀವು ಇಷ್ಟು ಕೂಡಿಸಿದ್ದೀರಿ ಎಂಬುದೇ ಅವರಿಗೆ ಗೊತ್ತಿಲ್ಲ. ‘ಸ್ವಲ್ಪ ದುಡ್ಡಿದೆ’ ಅಂತಷ್ಟೇ ಹೇಳಿದ್ದೀರಿ, ಅಲ್ವಾ? ಪಾಸ್‌ಬುಕ್ ಎಂಟ್ರಿ ಮಾಡಿಸಿ ಅವರ ಕೈಗೆ ಕೊಡಿ. ಭಟ್ಟಿಯ ಲೆಕ್ಕ ಬರೆಯುವವರು, ತಿಂಗಳು ತಿಂಗಳು ಬಿದ್ದ 15 ಸಾವಿರವನ್ನು ಒಂದೊಂದಾಗಿ ಬೆರಳಿಟ್ಟು ನೋಡುತ್ತಾರೆ. ಅವರ ಮುಂದೆಯೇ ಮೇಲಿನ ಆರು ತಿಂಗಳ ಲೆಕ್ಕವನ್ನೂ ಇಡಿ. ಸೈಟಿಗೆ ಅಂತ ತಿಂಗಳಿಗೆ 5 ಸಾವಿರದ ಇನ್ನೊಂದು ಆರ್‌ಡಿ ಶುರು ಮಾಡುತ್ತೇನೆ ಎಂದೂ ಹೇಳಿ, ಹೇಳಿ ಸುಮ್ಮನಾಗದೆ ಶುರು ಮಾಡಿ.

ಆಮೇಲೆ ಕಾರು ನೋಡಲು ಹೋಗುವಾಗ ಗೆಳೆಯರನ್ನು ಬಿಟ್ಟು ಅಪ್ಪನನ್ನು ಕರೆದುಕೊಂಡು ಹೋಗಿ. ಚೀಲ ಎತ್ತಿ ನೋಡಿಯೇ ತೂಕ ಹೇಳುವ ಮನುಷ್ಯರು ಅವರು, ಮಾರುವವನ ಮಾತಿಗೆ ಬೇಗ ಬೀಳಲ್ಲ. ಟೈರಿನ ಅಂಕಿ ನೀವು ಓದಿ. ಸೀಟ್ ಬೆಲ್ಟ್ ಎಳೆಯುವ ಕೆಲಸ ಅವರಿಗೆ ಬಿಡಿ.