ರಾತ್ರಿ ನಾಲ್ಕು ಸಲ ಏಳುವುದು ಬರೀ ವಯಸ್ಸಿನ ತೊಂದರೆಯೇ?

ಪ್ರಶ್ನೆ: ಡಾಕ್ಟ್ರೇ, ನನಗೆ 63 ವರ್ಷ. ಪಾಂಡವಪುರದ ಹತ್ತಿರ ಕಬ್ಬು ಬೆಳೆಯುತ್ತೇನೆ. ಒಂದು ವರ್ಷದಿಂದ ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು. ಹೋಗಿ ನಿಂತರೂ ಬೇಗ ಬರುವುದಿಲ್ಲ, ಬಂದರೆ ಧಾರೆ ಸಣ್ಣ. ಆಮೇಲೆ ಹನಿ ಹನಿ ಬಿದ್ದು ಪಂಚೆ ಒದ್ದೆ. ಬಸ್ಸು ಹತ್ತುವುದನ್ನೇ ಬಿಟ್ಟಿದ್ದೇನೆ, ನೀರೂ ಕಡಿಮೆ ಮಾಡಿದ್ದೇನೆ. 'ವಯಸ್ಸಾಯ್ತಲ್ಲ' ಅನ್ನುತ್ತಾರೆ ಜೊತೆಯವರು. ಕ್ಯಾನ್ಸರ್ ಇರಬಹುದಾ? ನಮ್ಮೂರ ಆಸ್ಪತ್ರೆಯಲ್ಲಿರುವುದು ಡಾಕ್ಟರಮ್ಮ. ಹೇಳಿಕೊಳ್ಳಲು ನಾಚಿಕೆ.

ಉತ್ತರ: ಯಜಮಾನರೇ, ನಿಮ್ಮ ಪತ್ರ ಓದುವಾಗ ನನಗೆ ಅಪ್ಪನ ನೆನಪಾಯಿತು. ಅವರೂ ಹೀಗೇ ಎರಡು ವರ್ಷ ಯಾರಿಗೂ ಹೇಳಲಿಲ್ಲ. ಒಂದು ಸಲ ನೆಗಡಿಯಾಗಿ ಅಂಗಡಿಯಿಂದ ಮಾತ್ರೆ ತಂದು ನುಂಗಿದರು. ಆ ರಾತ್ರಿ ಮೂತ್ರ ಪೂರ್ತಿ ಕಟ್ಟಿಕೊಂಡಿತು. ಡಾಕ್ಟರಾದ ಮಗ ಪಕ್ಕದ ಕೋಣೆಯಲ್ಲೇ ಮಲಗಿದ್ದೆ. ನನ್ನನ್ನು ಎಬ್ಬಿಸದೆ ಕಿಬ್ಬೊಟ್ಟೆ ಹಿಡಿದುಕೊಂಡು ಬೆಳಗಿನವರೆಗೆ ಕೂತಿದ್ದರು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದಾಗ ಒಂದು ಲೀಟರಿಗೂ ಜಾಸ್ತಿ ಬಂತು. ಕೆಲವು ನೆಗಡಿ ಮಾತ್ರೆಗಳು ಹೀಗೆ ಮಾಡುತ್ತವೆ. ನೀವು ಕೇಳದೆ ತೆಗೆದುಕೊಳ್ಳಬೇಡಿ.

ಮೂತ್ರಕೋಶದ ಕೆಳಗೆ ಒಂದು ದಪ್ಪ ನೆಲ್ಲಿಕಾಯಿಯಷ್ಟು ದೊಡ್ಡದಾದ ಪ್ರಾಸ್ಟೇಟ್ ಗ್ರಂಥಿ ಇರುತ್ತದೆ. ಮೂತ್ರದ ನಾಳ ಅದರ ನಡುವೆಯೇ ಹಾದು ಬರುತ್ತದೆ. 50 ದಾಟಿದ ಮೇಲೆ ಎಷ್ಟೋ ಗಂಡಸರಲ್ಲಿ ಅದು ಊದಿಕೊಂಡು ನಾಳವನ್ನು ಒತ್ತುತ್ತದೆ. ನೀವು ಬರೆದಿರುವುದೆಲ್ಲ ಅದಕ್ಕೆ ಹೊಂದುತ್ತದೆ. ಈ ಊತ ಮುಂದೆ ಕ್ಯಾನ್ಸರ್ ಆಗಿ ಬದಲಾಗುವುದಿಲ್ಲ. ಆದರೆ ಪ್ರಾಸ್ಟೇಟ್ ಕ್ಯಾನ್ಸರ್ ಶುರುವಿನಲ್ಲಿ ಹೆಚ್ಚಾಗಿ ಯಾವ ತೊಂದರೆಯನ್ನೂ ಕೊಡುವುದಿಲ್ಲ, ಅದಕ್ಕೇ ಪರೀಕ್ಷೆ ಬೇಕು. ನಿಮ್ಮ ತಂದೆಗೋ ಅಣ್ಣತಮ್ಮಂದಿರಿಗೋ ಅದು ಬಂದಿದ್ದರೆ ಮರೆಯದೆ ಹೇಳಿ. ಪಿಎಸ್ಎ ಎಂಬ ರಕ್ತ ಪರೀಕ್ಷೆ ಮಾಡಿಸಬೇಕಾಗಬಹುದು. ಅದು ಜಾಸ್ತಿ ಬಂದ ತಕ್ಷಣ ಹೆದರಬೇಡಿ. ಬರೀ ಊತಕ್ಕೆ, ಸೋಂಕಿಗೂ ಅದು ಏರುತ್ತದೆ.

ಸಕ್ಕರೆ ಕಾಯಿಲೆಯಲ್ಲೂ ರಾತ್ರಿ ಏಳುವುದು ಜಾಸ್ತಿಯಾಗುತ್ತದೆ. ಹಾಗಾಗಿ ಮೂತ್ರ, ಶುಗರ್, ಕಿಡ್ನಿ ಹೇಗಿದೆ ಅಂತ ತಿಳಿಸುವ ಕ್ರಿಯಾಟಿನಿನ್ ರಕ್ತ ಪರೀಕ್ಷೆ ನೋಡಿಸಿ. ಮೂತ್ರ ಮಾಡಿದ ಮೇಲೆ ಒಳಗೆ ಎಷ್ಟು ಉಳಿಯುತ್ತದೆ ಅಂತ ಸ್ಕ್ಯಾನ್‌ನಲ್ಲಿ ತಿಳಿಯುತ್ತದೆ. ಹಿಂದಿನಿಂದ ಬೆರಳು ಹಾಕಿ ನೋಡುವ ಪರೀಕ್ಷೆಯೂ ಇದೆ. ಒಂದು ನಿಮಿಷವೂ ಹಿಡಿಯುವುದಿಲ್ಲ. ಅದಕ್ಕೆ ಹೆದರಿಯೇ ನಮ್ಮ ಕಡೆ ಎಷ್ಟೋ ಜನ ಆಸ್ಪತ್ರೆಗೆ ಬರುವುದಿಲ್ಲ, ಅದು ನನಗೆ ತುಂಬಾ ನೋವಿನ ವಿಷಯ. ಬಹಳ ಜನಕ್ಕೆ ಮಾತ್ರೆಯಲ್ಲೇ ಆರಾಮ ಸಿಗುತ್ತದೆ. ಕೆಲವು ಮಾತ್ರೆ ತೆಗೆದುಕೊಂಡಾಗ ಹಾಸಿಗೆಯಿಂದ ಥಟ್ಟನೆ ಎದ್ದರೆ ತಲೆ ಸುತ್ತಬಹುದು, ನಿಧಾನ. ಆಪರೇಷನ್ ಬೇಕಾದರೂ ಈಗ ಸಾಮಾನ್ಯವಾಗಿ ಹೊಟ್ಟೆ ಕೊಯ್ಯದೆ ಮೂತ್ರದ ದಾರಿಯಿಂದಲೇ ಮಾಡುತ್ತಾರೆ.

ನೀರು ಬಿಡಬೇಡಿ. ಕಬ್ಬಿನ ಗದ್ದೆಯ ಬಿಸಿಲಲ್ಲಿ ಬೆವರು ಸುರಿಸಿ ನೀರೂ ಕುಡಿಯದಿದ್ದರೆ ಸೋಂಕು, ಕಲ್ಲು ಎರಡಕ್ಕೂ ದಾರಿ. ಹಗಲು ಚೆನ್ನಾಗಿ ಕುಡಿಯಿರಿ, ಸಂಜೆ ಮೇಲೆ ಕಾಫಿ, ಟೀ, ನೀರು ಕಡಿಮೆ ಮಾಡಿ.

ಈ ವಾರವೇ ಹೋಗಿ. ಅಷ್ಟರೊಳಗೆ ಮೂತ್ರ ಪೂರ್ತಿ ನಿಂತರೆ ಮಧ್ಯರಾತ್ರಿಯಾದರೂ ಮನೆಯವರನ್ನು ಎಬ್ಬಿಸಿ ಮಂಡ್ಯದ ಮಿಮ್ಸ್‌ಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೊರಡಿ. ಚಳಿಜ್ವರದ ಜೊತೆ ಉರಿ ಬಂದರೂ ಕಾಯಬೇಡಿ. ಮೂತ್ರದಲ್ಲಿ ರಕ್ತ ಕಂಡರೆ, ಅದು ಒಂದೇ ಸಲ ಬಂದು ನಿಂತಿದ್ದರೂ ತೋರಿಸಲೇಬೇಕು.

ಡಾಕ್ಟರಮ್ಮನ ಮುಂದೆ ಬಾಯಿ ಬರದಿದ್ದರೆ ನನಗೆ ಬರೆದದ್ದನ್ನೇ ಇನ್ನೊಂದು ಹಾಳೆಯಲ್ಲಿ ಬರೆದು ಅವರ ಕೈಗೆ ಕೊಡಿ. ಅವರು ಕೇಳಬೇಕಾದ ಅರ್ಧ ಪ್ರಶ್ನೆಗೆ ಅದರಲ್ಲೇ ಉತ್ತರ ಇದೆ.